ಕೆಂಪು ಶಾಯಿಯ ಹಾಜರಿ

ಸಂಸ್ಥೆಯ ಹೆಸರು ಇಲ್ಲಿ ಬೇಡ. ಹೇಳಿದರೂ ನೀವು ಓದಿ ಮುಗಿಸುವಷ್ಟರಲ್ಲಿ ಅದು ಬದಲಾಗಿರುತ್ತದೆ. ಮಲ್ಲವ್ವ ಅಲ್ಲಿ ಪಾಠ ಹೇಳತೊಡಗಿದ ಏಳು ವರ್ಷಗಳಲ್ಲಿ ಗೇಟಿನ ಬೋರ್ಡು ಎರಡು ಸಲ ಬದಲಾಯಿತು. ಮೊದಲು ಅದು ಟೌರಂಗಾ ಎಂಬ ಈ ಊರಿನವರದೇ ಒಂದು ಸಣ್ಣ ಕಾಲೇಜು. ಆಮೇಲೆ ದೊಡ್ಡವರು ಕೂತು ದೇಶದ ಅಂಥ ಕಾಲೇಜುಗಳನ್ನೆಲ್ಲ ಕಲಸಿ ಒಂದು ಮುದ್ದೆ ಮಾಡಿದರು. ಸರ್ಕಾರ ಬದಲಾಯಿತು, ಮುದ್ದೆ ಮಾಡಿದ್ದೇ ತಪ್ಪು, ಬಿಡಿಸಿ ಎಂದರು. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ದೇಶ ಇದು. ಇಷ್ಟು ಮಂದಿಗೆ ನಾಲ್ಕು ಅಕ್ಷರ ಕಲಿಸುವುದು ಹೇಗೆ ಎಂದು ತೀರ್ಮಾನಿಸುವುದಕ್ಕೆ ಅಷ್ಟೊಂದು ಮೀಟಿಂಗು. ಬೋರ್ಡು ಬದಲಾದಾಗಲೆಲ್ಲ ನಾಲ್ಕು ಜನ ಮೇಷ್ಟ್ರು ಮನೆಗೆ ಹೋದರು, ಇಬ್ಬರು ಮ್ಯಾನೇಜರುಗಳು ಬಂದರು.

ಮಲ್ಲವ್ವ ಗದಗ ಕಡೆಯವಳು, ವಯಸ್ಸು ಐವತ್ತಾರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಇಲ್ಲಿಯ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ದುಡಿದು, ಸೊಂಟ ಬಿದ್ದುಹೋದ ಮೇಲೆ ಕಲಿಸುವುದಕ್ಕೆ ಬಂದಳು. ವಯಸ್ಸಾದವರನ್ನು ನೋಡಿಕೊಳ್ಳುವುದನ್ನು ಕಲಿಸುವ ಒಂದು ವರ್ಷದ ಕೋರ್ಸು. ಕಲಿಯುವವರು ಹೆಚ್ಚಾಗಿ ಕಿವಿ ಹಣ್ಣು ಆರಿಸಿ ಡಬ್ಬಕ್ಕೆ ತುಂಬುವ ಪ್ಯಾಕ್‌ಹೌಸಿನಲ್ಲಿ ನಿಂತು ಕಾಲು ಸೋತ ಹೆಂಗಸರು. ಎತ್ತುವುದು, ಹೊರಳಿಸುವುದು, ಸ್ನಾನ ಮಾಡಿಸುವುದು, ಬೆನ್ನು ಹುಣ್ಣಾಗದಂತೆ ಕಾಯುವುದು. ಆಕೆಯ ಕೈಯಲ್ಲಿ ಕಲಿತವರನ್ನು ಊರಿನ ವೃದ್ಧಾಶ್ರಮಗಳು ಕೇಳಿ ಪಡೆಯುತ್ತಿದ್ದವು.

ಆಕೆಗೊಂದು ಹಟವಿತ್ತು, ಹಾಜರಿ ಪುಸ್ತಕ. ನೀಲಿ ರಟ್ಟಿನ ಉದ್ದ ಪುಸ್ತಕ. ಊರಿಗೆ ಹೋದಾಗಲೆಲ್ಲ ಹುಬ್ಬಳ್ಳಿಯಿಂದ ಎರಡು ತರುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಒಬ್ಬೊಬ್ಬರ ಹೆಸರು ಕೂಗಬೇಕು, ಅವರು ಓಗೊಡಬೇಕು. ಬಂದರೆ ‘ಪಿ’, ಬಾರದಿದ್ದರೆ ‘ಎ’. ಬಾರದ ದಿನಗಳು ಮಿತಿ ಮೀರಿದರೆ ಹೆಸರಿನ ಮೇಲೆ ಕೆಂಪು ಗೆರೆ. ಉಳಿದ ಮೇಷ್ಟ್ರುಗಳು ನಕ್ಕರೆ ನಗಲಿ ಎಂದುಕೊಂಡಿದ್ದಳು.

ಈ ಕೆಂಪು ಗೆರೆಗೊಂದು ಹಿನ್ನೆಲೆ ಇದೆ. ಓದುವಾಗ ಮಲ್ಲವ್ವ ಟೈಫಾಯ್ಡ್ ಬಂದು ಐದು ವಾರ ಮಲಗಿದ್ದಳು. ಅಟೆಂಡೆನ್ಸ್ ಶಾರ್ಟೇಜ್ ಎಂದು ಅವಳ ಹೆಸರಿಗೂ ಗೆರೆ ಬಿತ್ತು. ಅಪ್ಪ ಡಾಕ್ಟರ ಚೀಟಿ ಹಿಡಿದು ಪ್ರಿನ್ಸಿಪಾಲರ ಬಾಗಿಲಲ್ಲಿ ಎರಡು ದಿನ ನಿಂತ. ಪ್ರಿನ್ಸಿಪಾಲಮ್ಮ ಬೈದಳು, ಕಣ್ಣೀರು ಹಾಕಿಸಿದಳು, ಕೊನೆಗೆ ಸಹಿ ಹಾಕಿ ಹೆಸರು ತಿರುಗಿ ಸೇರಿಸಿಕೊಂಡಳು. ನಮ್ಮ ಕಡೆ ಕೆಂಪು ಗೆರೆ ಎಂದರೆ ಇಷ್ಟೇ: ಓಡಿ ಬಾ, ಬಂದು ಒಂದು ಮಾತು ಹೇಳು, ಬೈಸಿಕೊಂಡು ಒಳಗೆ ಕೂತುಕೋ. ಅಲ್ಲಿ ಮಾತು ಶುರುವಾಗುವುದೇ ಆ ಗೆರೆಯಿಂದ. ಇಲ್ಲಿಯೂ ಹಾಗೇ ಎಂದು ಅವಳು ಏಳು ವರ್ಷ ನಂಬಿದ್ದಳು. ಏಳು ವರ್ಷ ಪುಸ್ತಕದ ಆ ಗೆರೆಯನ್ನು ಆಫೀಸಿನವರು ಯಾರೂ ನೋಡಿರಲಿಲ್ಲ, ಅದಕ್ಕೇ ನಡೆದುಹೋಗಿತ್ತು.

ಈ ವರ್ಷ ಹೊಸ ಮ್ಯಾನೇಜರು ಬಂದ. ಬದರಿನಾಥ್, ಬೆಂಗಳೂರಿನವನು. ಅವನ ಹುದ್ದೆಗೆ ‘ಲರ್ನರ್ ಜರ್ನಿ ಲೀಡ್’ ಎಂದು ಹೆಸರು. ಏನು ಕೆಲಸ ಎಂದು ಕೇಳಿದರೆ ಅವನ ಹೆಂಡತಿಯೂ ಹೇಳಲಾರಳು. ಹನ್ನೆರಡಕ್ಕಿಂತ ಕಡಿಮೆ ಜನರಿದ್ದರೆ ಕ್ಲಾಸು ಬಂದ್ ಎನ್ನುವ ನಿಯಮವನ್ನು ಚಿತ್ರ, ಬಾಣ, ಬಣ್ಣಗಳ ಸಮೇತ ಎಲ್ಲರಿಗೂ ಕಳಿಸಿದ. ಮಲ್ಲವ್ವನ ಕ್ಲಾಸಿನಲ್ಲಿ ಸರಿಯಾಗಿ ಹನ್ನೆರಡು ಜನರಿದ್ದರು.

ಹನ್ನೆರಡನೆಯವಳು ಹಿನೆ. ಈ ನೆಲದ ಮೂಲನಿವಾಸಿ ಮಾವೊರಿ ಹೆಂಗಸು, ನಲವತ್ತರ ಹತ್ತಿರ. ಮಲ್ಲವ್ವನ ಏಳು ವರ್ಷದಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಡಿಸೆಂಬರಿನೊಳಗೆ ಸರ್ಟಿಫಿಕೇಟು ತಂದರೆ ಕೆಲಸ ಖಾತ್ರಿ ಎಂದು ಒಂದು ವೃದ್ಧಾಶ್ರಮ ಅವಳಿಗೆ ಮಾತು ಕೊಟ್ಟಿತ್ತು. ಪ್ಯಾಕ್‌ಹೌಸಿನಿಂದ ಬಿಡುಗಡೆಯಾಗಲು ಅವಳಿಗಿದ್ದ ದಾರಿ ಅದೊಂದೇ. ಅಂಥವಳು ಆಗಸ್ಟಿನಲ್ಲಿ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದಳು. ಫೋನೂ ಎತ್ತಲಿಲ್ಲ. ಮೂರು ವಾರ, ಹದಿನೈದು ಎ.

ಅದೇ ಹೊತ್ತಿಗೆ ಕ್ಲಾಸಿನ ಲೆಕ್ಕ ಕಳಿಸಿರೆಂದು ಬದರಿನಾಥನ ಇಮೇಲ್ ಬಂತು. ಮಲ್ಲವ್ವ ಪುಸ್ತಕದಲ್ಲಿ ಹಿನೆಯ ಹೆಸರಿಗೆ ಕೆಂಪು ಗೆರೆ ಎಳೆದಳು. ಈ ಸಲ ಮೊದಲ ಬಾರಿಗೆ ಕಂಪ್ಯೂಟರಿನಲ್ಲೂ ‘ಅಟೆಂಡೆನ್ಸ್ ಶಾರ್ಟೇಜ್, ನಾಟ್ ಎಲಿಜಿಬಲ್’ ಎಂದು ಬರೆದಳು. ಇದನ್ನು ಕಂಡಾದರೂ ಹುಡುಗಿ ಗಾಬರಿಯಾಗಿ ಓಡಿ ಬರಲಿ, ಚೆನ್ನಾಗಿ ಬೈದು ಕೂರಿಸಿಕೊಂಡರಾಯಿತು ಎಂದು ಅವಳ ಲೆಕ್ಕ.

ಸೋಮವಾರ ಉತ್ತರ ಬಂತು. ಹನ್ನೊಂದು ಜನ ಮಾತ್ರ ಇರುವುದರಿಂದ ಈ ತಿಂಗಳ ಕೊನೆಗೆ ಕ್ಲಾಸು ಮುಚ್ಚುತ್ತದೆ. ಕೆಳಗೆ ಒಂದು ನಗುವ ಮುಖದ ಚಿತ್ರ.

ಮಲ್ಲವ್ವ ಪುಸ್ತಕ ಬಗಲಿಗಿಟ್ಟುಕೊಂಡು ನೇರ ಬದರಿನಾಥನ ಮುಂದೆ ಹೋಗಿ ಕೂತಳು.

“ಹನ್ನೆರಡನೇಕಿ ಬರ್ತಾಳ್ರಿ. ಒಂದು ಲೆಟರ್ ಕೊಡ್ತಾಳ, ನೀವು ಸಹಿ ಮಾಡ್ರಿ, ನಾ ಹೆಸರು ತಿರುಗಿ ಬರಕೋತೇನಿ. ಇದಕ್ಯಾಕ ಕ್ಲಾಸ್ ಮುಚ್ಚಬೇಕು?”

“ಇಲ್ಲಿ ಹಾಗೆಲ್ಲ ಇಲ್ಲ ಮೇಡಂ,” ಎಂದ ಬದರಿನಾಥ್, ಪರದೆಯಿಂದ ಕಣ್ಣು ತೆಗೆಯದೆ. “ನಾಟ್ ಎಲಿಜಿಬಲ್ ಅಂತ ನೀವೇ ಹಾಕಿದೀರ. ಹಾಕಿದ ತಕ್ಷಣ ಸಿಸ್ಟಮ್ ಲಾಕ್ ಆಗೋಗತ್ತೆ. ಈಗ ನನ್ ಕೈಲೇನೂ ಇಲ್ಲ.”

“ಮತ್ತ ಉಳಿದ ಮಾಸ್ತರರು ಏನು ಬರೀತಾರ? ಅವರ ಕ್ಲಾಸಿಗೆ ಎಲ್ಲಾರೂ ದಿನಾ ಬರ್ತಾರೇನು?”

ಬದರಿನಾಥ್ ಈಗ ಆಕೆಯನ್ನು ನೋಡಿದ. ದನಿ ತಗ್ಗಿಸಿದ. “ಯಾರೂ ಏನೂ ಬರೆಯಲ್ಲ ಮೇಡಂ. ಪಕ್ಕದ ಲೀಡರ್‌ಶಿಪ್ ಕೋರ್ಸಲ್ಲಿ ಹದಿನಾಲ್ಕು ಹೆಸರಿದೆ. ಆರು ಜನರ ಮುಖ ಮಾರ್ಚಿಂದ ಯಾರೂ ನೋಡಿಲ್ಲ. ಅದು ನಡೀತಾ ಇದೆ. ಈ ಸಿಸ್ಟಮ್ ಬಂದಾಗಿಂದ ಹೀಗೆ ಬರೆದಿದ್ದು ನೀವೊಬ್ಬರೇ.”

ಖರೆ ಬರೆದವಳ ಕ್ಲಾಸು ಬಂದ್, ದೆವ್ವಗಳಿಗೆ ಲೀಡರ್‌ಶಿಪ್. ಮಲ್ಲವ್ವನಿಗೆ ನಗು ಬಂತು, ನಗಲಿಲ್ಲ.

“ನನ್ನ ಹನ್ನೊಂದು ಮಂದಿ?”

“ಅವರ ಜರ್ನಿ ನಿಲ್ಲಲ್ಲ. ಪೊರಿರುವಾ ಕ್ಯಾಂಪಸಿಂದ ಒಬ್ಬರು ಆನ್‌ಲೈನ್ ತಗೋತಾರೆ.”

“ಮಂಚದ ಮ್ಯಾಲಿನ ಮುದುಕಿನ್ನ ಆನ್‌ಲೈನಿನ್ಯಾಗ ಹೊರಳಸ್ತಾರೇನ್ರಿ?”

“ವಿಡಿಯೋ ಇರತ್ತೆ ಮೇಡಂ.”

“ನಿಮ್ಮ ಅವ್ವ ಹಾಸಿಗಿ ಹಿಡಿದಾಗ ಆ ವಿಡಿಯೋ ಹಚ್ಚಿ ಕೂಡ್ರಿ,” ಎಂದು ಮಲ್ಲವ್ವ ಎದ್ದು ಬಂದಳು. ಮಾತು ಹೆಚ್ಚಾಯಿತು ಎಂದು ಬಾಗಿಲು ದಾಟುವಾಗಲೇ ಅನಿಸಿತು. ಹಿಂದಿರುಗಿ ಹೋಗಿ ಕ್ಷಮೆ ಕೇಳುವಷ್ಟು ಅನಿಸಲಿಲ್ಲ.

ಮನೆಯಲ್ಲಿ ಗಂಡ ಲಿಂಗರಾಜ ಎಲ್ಲ ಕೇಳಿಸಿಕೊಂಡ. “ಆ ಪುಸ್ತಕ ಹುಬ್ಬಳ್ಳಿಯೊಳಗ ಬಿಟ್ಟು ಬರಬೇಕಿತ್ತು ನೀ,” ಎಂದು ಅಷ್ಟೇ ಅಂದ. ಅಷ್ಟಕ್ಕೇ ಅವಳು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಸಂಸ್ಥೆಯವರು ಅಯೋಗ್ಯರು ಎಂಬುದು ಅವಳಿಗೆ ಹೊಸದಲ್ಲ. ಆ ಅಯೋಗ್ಯರ ಕೈಗೆ ಕುಡುಗೋಲು ಕೊಟ್ಟವಳು ತಾನು ಎಂಬುದನ್ನು ನುಂಗಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವಿರುವಾಗ ಹಿನೆ ಬಂದಳು. ಮುಖ ಇಳಿದಿತ್ತು. ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಗೆ ಹೋಗದೆ ಮೇಜಿನ ಮುಂದೆ ನಿಂತಳು.

“ನಾನು ಕೋರ್ಸು ಬಿಟ್ಟಿದ್ದೇನೆ ಎಂದು ಇಮೇಲ್ ಬಂದಿದೆ,” ಎಂದಳು, ಇಂಗ್ಲಿಷಿನಲ್ಲಿ. “ನಾನು ಬಿಟ್ಟಿಲ್ಲ. ಅಜ್ಜಿಗೆ ಕಾಯಿಲೆ ಹೆಚ್ಚಾಗಿ ಊರಿಗೆ ಹೋದೆ. ಅಲ್ಲಿ ಫೋನ್ ಹತ್ತುವುದಿಲ್ಲ. ಹೋಗುವ ಮೊದಲೇ ಆಫೀಸಿನ ನಂಬರಿಗೆ ಹೇಳಿಟ್ಟಿದ್ದೆ.”

ಆಫೀಸಿನ ನಂಬರು! ರಿಸೆಪ್ಶನ್ನಿನ ಹೆಂಗಸನ್ನು ಜೂನಿನಲ್ಲೇ ಮನೆಗೆ ಕಳಿಸಿ ಅಲ್ಲಿ ಒಂದು ಕಂಪ್ಯೂಟರ್ ಪರದೆ ನಿಲ್ಲಿಸಿದ್ದರು. ಆ ಫೋನಿನಲ್ಲಿ ಯಾರು ಏನು ಹೇಳಿಟ್ಟರೂ ಕೇಳುವ ಕಿವಿ ಇರಲಿಲ್ಲ.

“ನಾನು ಬಿಟ್ಟೆ ಎಂದು ಅವರಿಗೆ ಹೇಳಿದ್ದು ಯಾರು?” ಎಂದು ಹಿನೆ ಕೇಳಿದಳು.

ಸಿಸ್ಟಮ್ ಎಂದು ಹೇಳಿಬಿಡಬಹುದಿತ್ತು. ಆ ಕಟ್ಟಡದಲ್ಲಿ ಎಲ್ಲರೂ ಹೇಳುವುದು ಅದನ್ನೇ.

“ನಾನು,” ಎಂದಳು ಮಲ್ಲವ್ವ. ಪುಸ್ತಕ ಬಿಚ್ಚಿ ಅವಳ ಕಡೆ ತಿರುಗಿಸಿದಳು.

ಹಿನೆ ಕೆಂಪು ಗೆರೆಯನ್ನು ನೋಡಿದಳು. ಆಮೇಲೆ ಒಂದೊಂದೇ ‘ಎ’ ಮೇಲೆ ಬೆರಳಿಡುತ್ತ ಹೋದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಮಲ್ಲವ್ವನಿಗೆ ಅನಿಸಿತು.

“ಈ ಹದಿನೈದು ದಿನವೂ ನೀವು ಕಲಿಸಿದ್ದನ್ನೇ ಮಾಡುತ್ತಿದ್ದೆ,” ಎಂದಳು ಹಿನೆ. “ಎರಡು ಗಂಟೆಗೊಮ್ಮೆ ಹೊರಳಿಸಿದೆ. ಸ್ನಾನ ಮಾಡಿಸಿದೆ. ಮಣ್ಣು ಮಾಡುವ ಮೊದಲು ಮೈ ತೊಳೆದವಳೂ ನಾನೇ. ಬೆನ್ನಿನ ಮೇಲೆ ಒಂದೇ ಒಂದು ಹುಣ್ಣು ಇರಲಿಲ್ಲ. ಅದನ್ನು ನಿಮಗೆ ಹೇಳಬೇಕೆಂದೇ ಬಂದೆ.”

ಮಲ್ಲವ್ವನ ಕಣ್ಣು ತುಂಬಿತು. ಉಳಿದ ಹನ್ನೊಂದು ಜನ ಒಳಗೆ ಬಂದು ಕೂತಿದ್ದರು. ಅವಳು ನೀಲಿ ಪೆನ್ನು ತೆಗೆದುಕೊಂಡು ಪ್ರತಿ ‘ಎ’ ಮೇಲೂ ಒತ್ತಿ ‘ಪಿ’ ಬರೆದಳು, ಹದಿನೈದು ಸಲ. ಏಳು ವರ್ಷದಲ್ಲಿ ಅವಳು ಹಾಜರಿ ತಿದ್ದಿದ್ದು ಅದೇ ಮೊದಲು. ಆಮೇಲೆ ಎದ್ದು ನಿಂತು ಹೆಸರು ಕೂಗಿದಳು. ಹನ್ನೆರಡೂ ಜನ ಓಗೊಟ್ಟರು. ಕಂಪ್ಯೂಟರಿನಲ್ಲಿ ಹನ್ನೊಂದೇ ಇತ್ತು.