ನಿನ್ನೆಯ ಗಾಳಿಯ ಸ್ಕೂಟರ್

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಒಬ್ಬರಿದ್ದರು. ತಾರಸಿಯ ಮೇಲೆ ತಾವೇ ಮಾಡಿದ ಗಾಳಿಯಂತ್ರ, ಅಂಗಳದಲ್ಲಿ ಬ್ಯಾಟರಿ ಸ್ಕೂಟರ್, ನಡುವೆ ಒಂದು ವೈರು. ರೆಕ್ಕೆಗಳ ನೆರಳು ನಮ್ಮ ಗೋಡೆಯ ಮೇಲೆ ಸುತ್ತುತ್ತಿದ್ದರೆ ಮನೆಯೇ ಮೆಲ್ಲಗೆ ತೇಲುತ್ತಿದೆ ಅನ್ನಿಸುತ್ತಿತ್ತು. “ಬೀಸೋ ಗಾಳೀನ ಸುಮ್ನೆ ಕಳಿಸ್ಬಾರ್ದು ಮಾರಾಯ” ಎನ್ನುತ್ತಾ ಅವರು ಕತ್ತೆತ್ತಿ ನಿಂತಿರುತ್ತಿದ್ದರು. ಮನೆಯ ಪ್ಲಗ್ಗಿನಿಂದ ಸ್ಕೂಟರಿಗೆ ಎಂದೂ ಚಾರ್ಜ್ ಹಾಕಿದವರಲ್ಲ. ಅವರು ನಡೆದು ಡ್ಯೂಟಿಗೆ ಹೊರಟರೆ, ಹಿಂದಿನ ದಿನ ಗಾಳಿ ಬೀಸಿಲ್ಲವೆಂದು ಬೀದಿಗೆಲ್ಲ ತಿಳಿಯುತ್ತಿತ್ತು.

ದಿನವಿಡೀ ಗಾಳಿ ಬೀಸಿ ನಿಂತ ಆಷಾಢದ ಒಂದು ಸಂಜೆ ಕರೆಂಟ್ ಹೋಯಿತು. ಅಮ್ಮನ ಉಬ್ಬಸಕ್ಕೆ ಹಚ್ಚಿದ್ದ ಯಂತ್ರವೂ ನಿಂತಿತು. ಅವರು ಸ್ಕೂಟರನ್ನು ನಮ್ಮ ಕಿಟಕಿಯ ಕೆಳಗೆ ತಂದು, ಇನ್ವರ್ಟರ್ ಜೋಡಿಸಿ, ವೈರನ್ನು ಒಳಗೆ ಕೊಟ್ಟರು. ಯಂತ್ರ ಮತ್ತೆ ಗುಂಯ್ ಎಂದಿತು. ಕರೆಂಟ್ ಬರುವ ಹೊತ್ತಿಗೆ ಅಮ್ಮ ನಿದ್ದೆಹೋಗಿದ್ದಳು, ಸ್ಕೂಟರ್ ಬರಿದಾಗಿತ್ತು. ಅದನ್ನು ತಳ್ಳಿಕೊಂಡು ಹೋದರು.

ಬೆಳಿಗ್ಗೆ ನಡೆದು ಹೊರಟವರನ್ನು ಎದುರುಮನೆಯವರು ತಡೆದರು. “ನಿನ್ನೆ ಇಡೀ ದಿನ ಗಾಳಿ ಇತ್ತಲ್ರೀ?”

“ಎಲ್ಲಿ ಬಂತು, ಒಂದು ಎಲೇನೂ ಅಲ್ಲಾಡ್ಲಿಲ್ಲ” ಎಂದು ಅವರು ಮುಂದೆ ನಡೆದರು.

ಬಾಗಿಲಲ್ಲಿ ನಿಂತಿದ್ದ ಅಮ್ಮ ನಿಧಾನವಾಗಿ, ಎದೆ ತುಂಬ ಉಸಿರೆಳೆದುಕೊಂಡಳು.