ತೊಳೆದ ಕೈ, ಅಕ್ಕಿಕಾಳಿನಷ್ಟು ಕರುಳು

ಜರ್ಮನಿಗೆ ಬಂದ ಮೊದಲ ವಾರವೇ ಒಬ್ಬರು ಅಜ್ಜಿ ತಮ್ಮ ಕರುಳಿನ ತುಣುಕನ್ನು ನಮ್ಮ ಸಂಶೋಧನೆಗೆ ಕೊಟ್ಟು, ತಾವೇ ನನಗೆ ಥ್ಯಾಂಕ್ಸ್ ಹೇಳಿದರು. ಡಾಕ್ಟರು ತೆಗೆದದ್ದು ಅಕ್ಕಿಕಾಳಿನಷ್ಟು. ನಮ್ಮ ಹುತ್ತೂರಿನಲ್ಲಿ ಒಂದು ಹನಿ ರಕ್ತ ಕೊಡಬೇಕಾದರೂ ನೂರು ಪ್ರಶ್ನೆ ಕೇಳುತ್ತಾರೆ!

ಅಜ್ಜಿಗೆ ವರ್ಷಗಟ್ಟಲೆಯಿಂದ ಕರುಳಿನ ಉರಿಯೂತ. ಆ ಜಾಗದಲ್ಲಿ ಯಾವ ಜೀನ್‌ಗಳು ಅತಿಯಾಗಿ ಕೆಲಸ ಮಾಡುತ್ತಿವೆ, ಯಾವುವು ಸುಮ್ಮನಿವೆ ಎಂದು ನೋಡುವುದು ನನ್ನ ಕೆಲಸ. ಅದನ್ನು ತಿಳಿಸುವುದು ಆರ್‌ಎನ್‌ಎ ಎಂಬ ಬಲು ನಾಜೂಕಿನ ವಸ್ತು. ಅಜ್ಜಿ ಕೊಟ್ಟದ್ದೂ ಸೇರಿ ಎರಡು ಸಲ ಅದು ನನ್ನ ಕೈಯಲ್ಲಿ ಹಾಳಾಯಿತು. ಮೂರನೆಯದೂ ಕೆಟ್ಟರೆ ನಿನ್ನನ್ನು ಊರಿಗೆ ವಾಪಸ್ ಕಳಿಸಬೇಕಾಗುತ್ತದೆ ಎಂದರು ಪ್ರೊಫೆಸರು. ಒಂಟಿ ಕೋಣೆ, ಹುಳಿ ಬ್ರೆಡ್ಡು, ನಾಲ್ಕು ಗಂಟೆಗೇ ಕತ್ತಲು. ಹೋದರೆ ಬಿಸಿ ಮುದ್ದೆಯಾದರೂ ಸಿಗುತ್ತದಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ತಪ್ಪು ಹಿಡಿದದ್ದು ಲ್ಯಾಬಿನ ಹಿರಿಯ ಸಹಾಯಕಿ ಇಂಗ್ರಿಡ್.

"ಗ್ಲೌಸ್ ಯಾಕೆ ತೆಗೆದೆ?"

"ಕೈ ತೊಳೆದುಕೊಂಡೆನಲ್ಲ!"

ನಾನು ರೇಷ್ಮೆ ಬೆಳೆಯುವ ಮನೆಯವಳು. ಹುಳುಮನೆಗೆ ಕಾಲಿಡುವ ಮೊದಲು ಅಮ್ಮ ಮೊಣಕೈವರೆಗೆ ತೊಳೆಸುತ್ತಿದ್ದಳು. ತೊಳೆದ ಬರಿಗೈಗಿಂತ ಶುದ್ಧವಾದದ್ದು ನಮಗೆ ಗೊತ್ತಿರಲಿಲ್ಲ. ಆದರೆ ಎಷ್ಟು ತೊಳೆದರೂ ಚರ್ಮದ ಮೇಲೆ ಆರ್‌ಎನ್‌ಎ ತಿನ್ನುವ ಕಿಣ್ವ ಉಳಿದಿರುತ್ತದೆ. ಓದಿದ್ದೆ; ಕೈಗೆ ಮಾತ್ರ ಹಳೇ ಪಾಠವೇ ನೆನಪಿತ್ತು. ನಾಚಿಕೆಯಿಂದ ಕುಗ್ಗಿಹೋದೆ.

ಗ್ಲೌಸಿಗೆ ಇಲ್ಲಿಯವರು 'ಹಾಂಟ್‌ಶೂ' ಅನ್ನುತ್ತಾರೆ, ಅಂದರೆ ಕೈಗೆ ಹಾಕುವ ಶೂ. ಅದನ್ನು ಹಾಕಿಕೊಂಡೇ ಎಲ್ಲರೂ ಬಾಗಿಲು, ಫೋನು ಮುಟ್ಟಿ ಮತ್ತೆ ಮೇಜಿಗೆ ಬರುತ್ತಿದ್ದುದನ್ನು ಆಮೇಲೆ ಗಮನಿಸಿದೆ. ಹುಳುಮನೆಯಲ್ಲಿ ಹೀಗೆ ಮಾಡಿದ್ದರೆ ಅಮ್ಮ ಬೆನ್ನಿಗೆ ಬಾರಿಸುತ್ತಿದ್ದಳು. ಮೇಜಿನ ಸುತ್ತ ನೆಲಕ್ಕೆ ಟೇಪು ಅಂಟಿಸಿ, ಗೆರೆ ದಾಟಿದರೆ ಹೊಸ ಗ್ಲೌಸು ಎಂದೆ. ಇಂಗ್ರಿಡ್ ನಕ್ಕರು. ವಾರ ಕಳೆಯುವುದರೊಳಗೆ ಪ್ರೊಫೆಸರರನ್ನೂ ಅವರೇ ಗೆರೆಯಾಚೆ ನಿಲ್ಲಿಸುತ್ತಿದ್ದರು.

ಮುಂದಿನ ತಪಾಸಣೆಗೆ ಬಂದ ಅಜ್ಜಿ ಬೇಸರಿಸದೆ ಇನ್ನೊಂದು ತುಣುಕು ಕೊಟ್ಟರು. ಈ ಸಲ ಆರ್‌ಎನ್‌ಎ ಉಳಿಯಿತು. ಪರದೆಯ ಮೇಲೆ ಜೀನ್‌ಗಳು ಚುಕ್ಕೆ ಚುಕ್ಕೆಯಾಗಿ ಹೊಳೆದವು. ಹುತ್ತೂರಿನ ಮಡಿಯನ್ನು ನಮ್ಮ ಲ್ಯಾಬು ಇವತ್ತಿಗೂ ಪಾಲಿಸುತ್ತದೆ, ಹೆಮ್ಮೆಯಿಂದಲೇ ಹೇಳುತ್ತೇನೆ.

ಫಲಿತಾಂಶ ಬಂದ ದಿನವೇ ಅಮ್ಮನಿಗೆ ಫೋನ್ ಮಾಡಿ ಅಜ್ಜಿಯ ವಿಷಯ ಹೇಳಿದೆ.

"ಆಯಮ್ಮನಿಗೆ ವಾಸಿ ಆಯ್ತೇನೇ?"

"ಇಲ್ಲಮ್ಮ. ಒಳಗೇನ್ ನಡೀತೈತೆ ಅಂತ ಕಾಣ್ತು, ಅಷ್ಟೆ. ಇನ್ನೂ ವರ್ಷಗಟ್ಲೆ ಕೆಲ್ಸ ಐತೆ."



"ಹಂಗಾದ್ರೆ ನೀನೀಗ್ಲೇ ಬರಲ್ಲ ಅನ್ನು. ಇರ್ಲಿ ಬಿಡೇ. ನಂಬಿ ಕೊಟ್ಟೋರ್ನ ಅರ್ಧಕ್ಕೆ ಬಿಟ್ಟು ಬರ್ಬೇಡ ಕಣೇ."

ಫೋನಿಟ್ಟು ಅತ್ತೆ. ಸೋತಿದ್ದರೆ ಊರಿಗೆ ಹೋಗುತ್ತಿದ್ದೆ. ಗೆದ್ದೆ, ಇಲ್ಲೇ ಉಳಿದೆ.