ಬದುಕಿದ್ದವರ ಏಳು ಚಿತ್ರಗಳು

ಲಕ್ಷ್ಮೇಶ್ವರದಲ್ಲಿ ನಾನು ರವಿಕೆ ಹೊಲಿಯುವವಳು. ಬೋರ್ಡಿನಲ್ಲಿ ಹಾಗೇ ಇದೆ, ಊರಿಗೂ ಅಷ್ಟೇ ಗೊತ್ತು. ಚಿತ್ರವನ್ನೂ ಬರೆಯುತ್ತೇನೆ ಎಂದರೆ, "ರಂಗೋಲಿ ಏನ್ರಿ?" ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಕೇಳುತ್ತಿದ್ದೇನೆ, ಈಗಲೂ ಮೈ ಉರಿಯುತ್ತದೆ.

ಹೋದ ವರ್ಷ ಏಳು ಹೆಂಗಸರ ಮುಖ ಬರೆದೆ. ಎಲ್ಲರೂ ಅಳತೆ ಕೊಡಲು ಬಂದವರೇ. "ಒಂದೀಟು ಕುಂಡ್ರಿ" ಎಂದು ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು ಬರೆದದ್ದು. ಶಿಗ್ಲಿಯ ಒಬ್ಬ ಅಜ್ಜಿ ಮಾತ್ರ ಸಾಲಾಗಿ ನಾಲ್ಕು ವಾರದ ಸಂತೆಗೂ ಬಂದು, ಬಸ್ಸು ಬರುವ ತನಕ ಅಲುಗಾಡದೆ ಕೂತಳು. ಕರೆಯುವುದೇ ಬೇಕಾಗಿರಲಿಲ್ಲ.

ಏಳಕ್ಕೂ ಕಟ್ಟು ಹಾಕಿಸಿ, ಪ್ರದರ್ಶನಕ್ಕೆಂದು ಗದಗಿನ ಒಂದು ಕಲ್ಯಾಣ ಮಂಟಪದ ಮೇಲಂತಸ್ತಿನ ಕೋಣೆಯನ್ನು ಮೂರು ದಿನಕ್ಕೆ ಹಿಡಿದೆ. ಆ ಏಳು ಮಂದಿಗೂ ಬರಲು ಹೇಳಿದ್ದೆ. ಒಬ್ಬರಾದರೂ ನಿಂತು ಸರಿಯಾಗಿ ನೋಡದಿದ್ದರೆ ಬಣ್ಣ, ಕುಂಚ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆಯುವುದು, ಆಮೇಲೆ ಆ ಹೆಸರೇ ಎತ್ತಬಾರದು ಎಂದು ತೀರ್ಮಾನಿಸಿಬಿಟ್ಟಿದ್ದೆ.

ಉದ್ಘಾಟನೆಗೆ ದೀಪ ಹಚ್ಚಬೇಕಾಗಿದ್ದ ಡ್ರಾಯಿಂಗ್ ಮಾಸ್ತರರು ಕೈ ಕೊಟ್ಟರು. ಅತಿಥಿಗಳಿಗೆಂದು ಇಟ್ಟಿದ್ದ ಚೆಂಡುಹೂವಿನ ತಟ್ಟೆಯ ಮುಂದೆ ನಾನೇ ಸಮೆಯ ದೀಪ ಹಚ್ಚಿದೆ, ನಾನೇ ಚಪ್ಪಾಳೆ ಹೊಡೆದೆ. ಶಿರಹಟ್ಟಿಯ ಅಕ್ಕ ಫೋನ್ ಮಾಡಿ, "ಮನಿಗೆ ಬೀಗರು ಬಂದಾರ, ಹೆಂಗ ಬರ್ಲಿ?" ಎಂದಳು. ಹೆಂಗ ಅಂದರೆ, ಬಸ್ಸು ಹತ್ತಿ ಬರಬೇಕು! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಎರಡು ದಿನ ನರಪಿಳ್ಳೆಯೂ ಬರಲಿಲ್ಲ. ಮೆಟ್ಟಿಲಲ್ಲಿ ಸಪ್ಪಳವಾದಾಗಲೆಲ್ಲ ಸೆರಗು ಸರಿಮಾಡಿಕೊಂಡು ಏಳುತ್ತಿದ್ದೆ. ಇಷ್ಟು ಒಂಟಿತನ ನನಗೆ ಎಂದೂ ಅನಿಸಿರಲಿಲ್ಲ.

ಮೂರನೇ ದಿನ ಕೆಳಗೆ ನಿಶ್ಚಿತಾರ್ಥವಿತ್ತು. ಊಟದ ಪಂಕ್ತಿಗೆ ಕಾಯುತ್ತಿದ್ದ ಮುಂಡರಗಿಯ ಗಂಡ ಹೆಂಡತಿ ಇಬ್ಬರು ಮೇಲೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಎಷ್ಟು ಗೌರವ ಎಂದುಕೊಂಡೆ. ಹೆಂಗಸು ತಟ್ಟೆಯಿಂದ ಹೂವೆತ್ತಿ ಮೊದಲ ಚಿತ್ರದ ಮುಂದಿಟ್ಟು ಕಣ್ಣು ಮುಚ್ಚಿದಳು. ಎರಡನೆಯದಕ್ಕೂ ಹಾಗೇ. ಗಂಡ ತಗ್ಗಿದ ದನಿಯಲ್ಲಿ ಕೇಳಿದ:

"ಏಳೂ ಮಂದಿ ಒಮ್ಮೆಲೆ ಹೋದ್ರೇನ್ರಿ? ಬಸ್ಸು ಪಲ್ಟಿ ಆಗಿತ್ತೇನ್ರಿ?"

ಅಯ್ಯೋ ಶಿವನೇ! ಗೋಡೆಯ ಮೇಲೆ ಕಟ್ಟು ಹಾಕಿದ ಮುಖ, ಎದುರಿಗೆ ದೀಪ, ಹೂವು. ನಮ್ಮ ಕಡೆ ಮನೆಮನೆಯಲ್ಲೂ ಹೀಗೆ ಗೋಡೆ ಏರುವವರು ತೀರಿಹೋದವರೇ. ಹನ್ನೆರಡು ವರ್ಷ ಚಿತ್ರ ಬರೆದ ನನಗೆ ಅದು ಹೊಳೆದಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಅವರ ಮೇಲೋ ನನ್ನ ಮೇಲೋ ತಿಳಿಯದು. ಬಾಯಿ ಬಿಡುವಷ್ಟರಲ್ಲಿ ಅವರು ಕೊನೆಯ ಚಿತ್ರದ ಮುಂದೆ ಕೈ ಮುಗಿದು ನಿಂತಿದ್ದರು. ಅದು ಶಿಗ್ಲಿಯ ಅಜ್ಜಿಯದು.

"ಇನ್ನೊಂದೀಟು ಹೂವ ಹಾಕವ್ವಾ," ಹಿಂದಿನಿಂದ ದನಿ ಬಂತು. "ಬದುಕಿದ್ದಾಗ ಯಾರೂ ಹಾಕಿಲ್ಲ ನನಗ."

ಬಾಗಿಲಲ್ಲಿ ಖುದ್ದು ಅಜ್ಜಿ ನಿಂತಿದ್ದಳು, ಕೈಯಲ್ಲಿ ಚೀಲ. ಹೆಂಗಸು ಚಿತ್ರ ನೋಡಿದಳು, ಅಜ್ಜಿಯನ್ನು ನೋಡಿದಳು, ಕಿಟಾರನೆ ಕಿರುಚಿದಳು. ಇಬ್ಬರೂ ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದರು.

ನಾನು ನಗಲಿಲ್ಲ. "ತಪ್ಪಾತು ಬೇ, ಈಗ ಇಳಸ್ತೇನಿ," ಎಂದು ಅವಳ ಚಿತ್ರಕ್ಕೆ ಕೈ ಹಾಕಿದೆ. ಅಪಶಕುನವೆಂದು ಬೈಯುತ್ತಾಳೆ ಎಂದೇ ಅಂದುಕೊಂಡಿದ್ದೆ.

"ಇರ್ಲಿ ಬಿಡು," ಎಂದಳು. ಕುರ್ಚಿ ಎಳೆದು ತನ್ನ ಮುಖದ ಎದುರು ಕೂತಳು. ಕೆಳಗೆ ಒಂದು ಪಂಕ್ತಿ ಎದ್ದು ಇನ್ನೊಂದು ಕೂತಿತು. ಅವಳು ನೋಡುತ್ತಲೇ ಇದ್ದಳು.

"ಗದ್ದದ ಮ್ಯಾಲಿನ ಈ ಸುಟ್ಟ ಕಲಿ ನನಗ ಮರತಽ ಹೋಗಿತ್ತು," ಎಂದಳು ಕೊನೆಗೆ. "ಮನ್ಯಾಗ ಹತ್ತು ಮಂದಿ ಅದಾರ. ನನ್ನ ಮಾರಿ ಇಷ್ಟೊತ್ತು ಯಾರೂ ನೋಡಿಲ್ಲ ತಂಗಿ. ಅದಕ್ಕಽ ಸಂತಿಗೊಮ್ಮೆ ಬಂದು ಕುಂಡ್ರತಿದ್ದೆ."

ನನಗೆ ಅಳು ಬಂತು. ಮೂರು ದಿನದಿಂದ ತಡೆದದ್ದು, ತಡೆಯಲು ಹೋಗಲಿಲ್ಲ. ಅಜ್ಜಿ ಚೀಲ ಎತ್ತಿಕೊಂಡು ಬಾಗಿಲ ತನಕ ಹೋಗಿ, ಸಂಕೋಚದಿಂದ ತಿರುಗಿ ನಿಂತಳು.

"ಚಿತ್ರ ಮುಗದೈತಿ, ಖರೆ. ಆದ್ರೂ ಮತ್ತ ಬರಲೇನ, ಕುಂಡ್ರಾಕ?"

"ಬರೂ ಸಂತಿಗೇ ಬಾ ಬೇ," ಎಂದೆ.